ಹಳೇ ವಿಡಿಯೋ ಗೇಮ್ ಪೆಟ್ಟಿಗೆಗೆ ಮನೆಯಲ್ಲೇ ರಿಪೇರಿ: ಏನು ಬದಲಿಸಬೇಕು, ಏನು ಉಳಿಸಬೇಕು

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಸರಸರ ಹೇಳಿ ಮುಗಿಸಿದ ಅಳತೆ, ವೋಲ್ಟೇಜ್‌ಗಳನ್ನ ಇಲ್ಲಿ ನಿಧಾನವಾಗಿ ಓದಬಹುದು.

ನಮ್ಮ ಊರುಗಳಲ್ಲಿ ಬಸ್ ಸ್ಟ್ಯಾಂಡ್ ಪಕ್ಕ, ಟಾಕೀಸಿನ ಎದುರು ವಿಡಿಯೋ ಗೇಮ್ ಅಂಗಡಿಗಳಿದ್ವಲ್ಲ, ಅಲ್ಲಿ ಕಾಯಿನ್ ಹಾಕಿ ನಿಂತುಕೊಂಡು ಆಡ್ತಿದ್ದ ಪೆಟ್ಟಿಗೆ ನೆನಪಿದೆಯಾ? ಅಂಥದ್ದೊಂದು ಈಗ ನಾಗಪುರದ ಲಕ್ಷ್ಮೀ ನಗರದ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿದೆ. ಗುಜರಿಗೆ, ಇಲ್ಲಿಯವರ ಮಾತಲ್ಲಿ ಭಂಗಾರ್‌ಗೆ, ತೂಕದ ಲೆಕ್ಕದಲ್ಲಿ ಹೋಗಬೇಕಿದ್ದ ಪೆಟ್ಟಿಗೆ. ಪ್ಲೈವುಡ್ ಮೈ, ಮೇಲೆ ಸನ್‌ಮೈಕಾ, ಒಳಗೆ ಪಿಕ್ಚರ್ ಟ್ಯೂಬ್, ಒಂದು ಗೇಮ್ ಬೋರ್ಡ್, ಇಲಿ ಕಡಿದ ವೈರುಗಳು.

ಮಿಹಾನ್ ಕಡೆ ಕೆಲಸ ಮಾಡುವ ಗೆಳೆಯರೆಲ್ಲ ಕೊಟ್ಟ ಸಲಹೆ ಒಂದೇ: "ಒಳಗಿನದೆಲ್ಲ ಕಿತ್ತು ಬಿಸಾಕು, ಎಲ್‌ಸಿಡಿ ಇಟ್ಟು ರಾಸ್ಪ್‌ಬೆರಿ ಪೈ ಹಾಕು, ಭಾನುವಾರ ಸಂಜೆಯೊಳಗೆ ಮುಗಿಯುತ್ತೆ." ನಾನು ಹಾಗೆ ಮಾಡಲಿಲ್ಲ. ಒಂದೇ ನಿಯಮ ಇಟ್ಟುಕೊಂಡೆ: ಹಾಳಾದದ್ದನ್ನು ಮಾತ್ರ ಬದಲಿಸಬೇಕು, ಅದೂ ವಾಪಸ್ ಮೊದಲಿನ ಹಾಗೆ ಮಾಡಲು ಬರುವಂತೆ. ಗಿಟ್‌ನಲ್ಲಿ ರಿವರ್ಟ್ ಇದೆ, ಗರಗಸಕ್ಕೆ ಇಲ್ಲ. ಈ ನಿಯಮ ಯಾಕೆ ಮುಖ್ಯ, ಅದರ ಪ್ರಕಾರ ಕೆಲಸ ಯಾವ ಕ್ರಮದಲ್ಲಿ ಸಾಗಬೇಕು ಅನ್ನೋದೇ ಇವತ್ತಿನ ವಿಷಯ.

ಈ ಪೆಟ್ಟಿಗೆ ಅಂದ್ರೆ ಏನು?

1985ರಲ್ಲಿ ಜಪಾನಿನ ಆಟದ ಯಂತ್ರ ತಯಾರಕರ ಸಂಘ ಒಂದು ಕನೆಕ್ಟರ್ ಮಟ್ಟವನ್ನು ಗೊತ್ತುಮಾಡಿತು. ಸಂಘದ ಹೆಸರಿನಿಂದಲೇ ಅದಕ್ಕೆ ಜಾಮಾ ಅಂತಾರೆ. ಬೋರ್ಡಿನ ಅಂಚಿನಲ್ಲಿ ಒಂದೊಂದು ಬದಿಗೆ 28ರಂತೆ 56 ಪಿನ್. ಕರೆಂಟು, ಬಣ್ಣದ ಸಿಗ್ನಲ್, ಸ್ಪೀಕರ್, ಜಾಯ್‌ಸ್ಟಿಕ್, ಕಾಯಿನ್ ಸ್ವಿಚ್ ಎಲ್ಲಕ್ಕೂ ಜಾಗ ನಿಗದಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಇಂಟರ್‌ಫೇಸ್. ಅಂಗಡಿಯವರು ಪೆಟ್ಟಿಗೆ ಹಾಗೇ ಇಟ್ಟು ಬೋರ್ಡ್ ಮಾತ್ರ ಬದಲಿಸಿ ಹೊಸ ಗೇಮ್ ತರ್ತಾ ಇದ್ದದ್ದು ಇದರಿಂದಲೇ. ಜಾಮಾದಲ್ಲಿ ಆಟಗಾರನಿಗೆ ಮೂರು ಬಟನ್. 1991ರ ಸ್ಟ್ರೀಟ್ ಫೈಟರ್ 2ಕ್ಕೆ ಆರು ಬೇಕು, ಹಾಗಾಗಿ ಅದಕ್ಕೆ ಬೇರೆ ವೈರ್ ಗುಂಪು ಎಳೆಯಬೇಕು.

ಈ ಅಂಗಡಿಗಳ ಕಥೆಯಲ್ಲಿ ಕರ್ನಾಟಕದ ಹೆಸರು ಕಾನೂನು ಪುಸ್ತಕದಲ್ಲೂ ಇದೆ. 1995ರಲ್ಲಿ ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ವಿಡಿಯೋ ಗೇಮ್ ಪಾರ್ಲರ್‌ಗಳಿಗೆ ಲೈಸೆನ್ಸ್ ಬೇಕು ಎನ್ನುವ ನಿಯಂತ್ರಣವನ್ನು ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಆಮೇಲೆ ಮನೆಗೆ ಕಂಪ್ಯೂಟರ್, ಕೈಗೆ ಮೊಬೈಲ್ ಬಂತು. ಪೆಟ್ಟಿಗೆಗಳು ಒಂದೊಂದಾಗಿ ಗೋಡೌನ್ ಸೇರಿದವು, ಅಲ್ಲಿಂದ ಗುಜರಿಗೆ.

ಮೊದಲ ಹೆಜ್ಜೆ: ಮುಟ್ಟಬೇಡಿ, ನೋಡಿ

ಪೆಟ್ಟಿಗೆ ಮನೆಗೆ ಬಂದ ದಿನವೇ ಪ್ಲಗ್ ಹಾಕಿ "ಆನ್ ಆಗುತ್ತಾ ನೋಡೋಣ" ಅನ್ನಬೇಡಿ. ಮೊದಲು ಹಿಂದಿನ ಬಾಗಿಲು ತೆಗೆದು ಪ್ರತಿ ಮೂಲೆಯ ಫೋಟೋ ತೆಗೀರಿ. ಪ್ರತಿ ವೈರಿಗೂ ಟೇಪ್ ಅಂಟಿಸಿ ಹೆಸರು ಬರೀರಿ. ಗೆದ್ದಲು ಇದೆಯಾ, ತಳದ ಪ್ಲೈವುಡ್ ನೀರು ಕುಡಿದು ಉಬ್ಬಿದೆಯಾ ನೋಡಿ. ಎಷ್ಟೋ ವರ್ಷ ಮಳೆಗಾಲದ ನೆಲದ ಮೇಲೆ ನಿಂತ ಪೆಟ್ಟಿಗೆಗೆ ತಳವೇ ಮೊದಲು ಕೊಳೆಯೋದು. ಕೊಳೆತಷ್ಟು ಭಾಗ ಮಾತ್ರ ಕತ್ತರಿಸಿ ಹೊಸ ತುಂಡು ಕೂರಿಸಿದರೆ ಸಾಕು.

ಕಂಟ್ರೋಲ್ ಪ್ಯಾನಲ್ ಮೇಲೆ ಬೀಡಿ ಇಟ್ಟ ಸುಟ್ಟ ಕಲೆಗಳಿದ್ದವು. ಅವನ್ನ ನಾನು ಉಜ್ಜಿ ತೆಗೆಯಲಿಲ್ಲ. ಟ್ಯೂಬಿನ ಗಾಜಿನ ಮೇಲೆ "ಇನ್ಸರ್ಟ್ ಕಾಯಿನ್" ಅನ್ನೋ ಅಕ್ಷರಗಳ ಮಸುಕು ನೆರಳು ಶಾಶ್ವತವಾಗಿ ಉಳಿದಿದೆ. ಒಂದೇ ಚಿತ್ರ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬೆಳಗಿದರೆ ಒಳಗಿನ ರಂಜಕದ ಲೇಪ ಅಲ್ಲಿ ಸವೆಯುತ್ತೆ. ಈ ಪೆಟ್ಟಿಗೆ ಎಷ್ಟು ಹೊತ್ತು ಗಿರಾಕಿಗಾಗಿ ಕಾದು ನಿಂತಿತ್ತು ಅನ್ನೋದಕ್ಕೆ ಅದೇ ದಾಖಲೆ.

ಎರಡನೇ ಹೆಜ್ಜೆ: ಜೀವ ಮುಖ್ಯ

ಇದನ್ನ ದಯವಿಟ್ಟು ಎರಡು ಸಲ ಓದಿ. ಬಣ್ಣದ ಪಿಕ್ಚರ್ ಟ್ಯೂಬಿಗೆ 20,000 ವೋಲ್ಟ್ ಮೇಲ್ಪಟ್ಟ ಒತ್ತಡ ಹೋಗುತ್ತೆ. ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ವಿದ್ಯುತ್ ಹರಿಸುವ ಲೇಪ ಇರೋದರಿಂದ ಇಡೀ ಟ್ಯೂಬೇ ಒಂದು ಕೆಪಾಸಿಟರ್. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ. ಒಮ್ಮೆ ಇಳಿಸಿದ ಮೇಲೂ ಸ್ವಲ್ಪ ಹೊತ್ತಿಗೆ ಒಂದಷ್ಟು ವಾಪಸ್ ಬರುತ್ತೆ, ಅದಕ್ಕೇ ಎರಡನೇ ಸಲವೂ ಇಳಿಸಬೇಕು. ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್ ಕೂಡ ಕಡಿಮೆಯಲ್ಲ: ನಮ್ಮ 230 ವೋಲ್ಟ್ ಎಸಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತೆ.

ನಾನು ಎಂ.ಟೆಕ್ ಎಲೆಕ್ಟ್ರಾನಿಕ್ಸ್. ಆದರೂ ಟ್ಯೂಬ್ ಕೆಲಸಕ್ಕೆ ಸೀತಾಬರ್ಡಿ ಕಡೆಯ ಹಿರಿಯ ಟಿವಿ ಮೆಕ್ಯಾನಿಕ್ ಒಬ್ಬರನ್ನ ಕರೆದೆ. ಅವರು ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು, ಟ್ಯೂಬಿನ ಹೊರಲೇಪಕ್ಕೆ ಜೋಡಿಸಿದ ವೈರ್ ಕಟ್ಟಿದ ಉದ್ದನೆಯ ಇನ್ಸುಲೇಟೆಡ್ ಸ್ಕ್ರೂಡ್ರೈವರನ್ನು ರಬ್ಬರ್ ಕ್ಯಾಪಿನಡಿ ತೂರಿಸಿದರು. ಟಪ್ ಅಂತ ಒಂದು ಕಿಡಿ. "ಭಾವೂ, ಎರಡೂ ಕೈ ಹಾಕಿದ್ರೆ ಕರೆಂಟು ಎದೆ ಹಾದು ಹೋಗುತ್ತೆ" ಅಂದರು. ನೀವೂ ಬಲ್ಲವರನ್ನೇ ಕರೀರಿ, ಯೂಟ್ಯೂಬ್ ನೋಡಿ ಈ ಒಂದು ಕೆಲಸ ಕಲಿಯಬೇಡಿ. ಕಾಯಿನ್ ಬಾಗಿಲು ಲೋಹದ್ದು, ಆದ್ದರಿಂದ ಮೂರು ಪಿನ್ ಪ್ಲಗ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಬಾಡಿಗೆ ಮನೆಯಲ್ಲಿ ಅರ್ಥಿಂಗ್ ನಿಜವಾಗಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ.

ಮೂರನೇ ಹೆಜ್ಜೆ: ಬೋರ್ಡಿಗೆ ಮುಂಚೆ ಪವರ್ ಸಪ್ಲೈ

ಬಗ್ ಹುಡುಕುವಾಗ ಒಂದೊಂದೇ ಭಾಗ ಬಿಡಿಸಿ ನೋಡ್ತೀವಲ್ಲ, ಇಲ್ಲೂ ಹಾಗೇ. ಗೇಮ್ ಬೋರ್ಡ್ ತೆಗೆದಿಟ್ಟು ಪವರ್ ಸಪ್ಲೈ ಮಾತ್ರ ಆನ್ ಮಾಡಿ. ಕೆಲವು ಎಸ್‌ಎಂಪಿಎಸ್‌ಗಳು ಲೋಡ್ ಇಲ್ಲದೆ ಸರಿಯಾದ ಅಳತೆ ತೋರಿಸಲ್ಲ, ಆಗ ಸಣ್ಣ ಲೋಡ್ ಕೊಡಬೇಕು. ಹಳೇ ಟಿಟಿಎಲ್ ಚಿಪ್‌ಗಳಿಗೆ 4.75ರಿಂದ 5.25 ವೋಲ್ಟ್ ಒಳಗೇ ಇರಬೇಕು. ಬೋರ್ಡ್ ಹಾಕಿದ ಮೇಲೆ ಸಪ್ಲೈ ಹತ್ತಿರ ಅಳೆದು ಸುಮ್ಮನಾಗಬೇಡಿ. ತೆಳು ವೈರಿನಲ್ಲಿ ವೋಲ್ಟೇಜ್ ಇಳಿಯುತ್ತೆ, ಬೋರ್ಡಿನ ಅಂಚಿನಲ್ಲೇ ಅಳೆಯಿರಿ. "ಬೋರ್ಡ್ ಸತ್ತಿದೆ" ಅಂತ ಎಸೆದ ಎಷ್ಟೋ ಬೋರ್ಡ್‌ಗಳಿಗೆ ಇದ್ದ ಕಾಯಿಲೆ ಬರೀ 4.6 ವೋಲ್ಟ್ ಇರಬಹುದು.

ನಾಲ್ಕನೇ ಹೆಜ್ಜೆ: ಬೋರ್ಡ್ ಮತ್ತು ಅದರ ನೆನಪು

ಅಂಚಿನ ಪಿನ್‌ಗಳನ್ನು ಮೆತ್ತಗಿನ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಚಿಪ್‌ಗಳ ನೆತ್ತಿಯ ಮೇಲೆ ಸ್ಟಿಕ್ಕರ್ ಇದ್ದರೆ ಕೀಳಬೇಡಿ. ಅದರಡಿ ಗಾಜಿನ ಕಿಟಕಿ ಇರುತ್ತೆ, ನೇರಳಾತೀತ ಬೆಳಕು ಬಿದ್ದರೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತೆ. ಚಿಪ್‌ಗಳನ್ನು ಪ್ರೋಗ್ರಾಮರ್‌ನಲ್ಲಿ ಓದಿ ಬ್ಯಾಕಪ್ ಇಟ್ಟುಕೊಳ್ಳೋದು ಒಳ್ಳೇದು. 1997ರಲ್ಲಿ ಶುರುವಾದ ಮೇಮ್ ಎಂಬ ಎಮ್ಯುಲೇಟರ್ ಯೋಜನೆ ಸಾವಿರಾರು ಗೇಮ್‌ಗಳ ಚೆಕ್‌ಸಮ್ ದಾಖಲಿಸಿದೆ. ನಿಮ್ಮ ಚಿಪ್‌ನಲ್ಲಿ ಒಂದು ಬಿಟ್ ಕೊಳೆತಿದ್ದರೂ ಹೋಲಿಸಿದಾಗ ಗೊತ್ತಾಗುತ್ತೆ.

ಇನ್ನೊಂದು ಅಪಾಯ ಬ್ಯಾಟರಿ. 1993ರಲ್ಲಿ ಬಂದ ಕ್ಯಾಪ್‌ಕಾಮ್ ಸಿಪಿಎಸ್-2 ಬೋರ್ಡಿನಲ್ಲಿ ಪ್ರೋಗ್ರಾಂ ಎನ್‌ಕ್ರಿಪ್ಟ್ ಆಗಿದೆ, ಕೀ ಇರೋದು 3.6 ವೋಲ್ಟ್ ಬ್ಯಾಟರಿ ಕಾಪಾಡುವ ಮೆಮೊರಿಯಲ್ಲಿ. ಬ್ಯಾಟರಿ ಸತ್ತ ದಿನ ಕೀ ಹೋಯ್ತು, ಗೇಮ್ ಹೋಯ್ತು. ಹವ್ಯಾಸಿಗಳು ಇದನ್ನ ಆತ್ಮಹತ್ಯೆ ಬ್ಯಾಟರಿ ಅಂತ ಕರೆಯೋದು ಅದಕ್ಕೇ. 2016ರಲ್ಲಿ ಹವ್ಯಾಸಿಗಳೇ ಆ ಕೀಯನ್ನು ಮತ್ತೆ ಬರೆಯುವ ದಾರಿ ಪ್ರಕಟಿಸಿದರು. ಕಂಪನಿ ಬೀಗ ಹಾಕಿ ಮರೆತದ್ದನ್ನು ಆಡಿದವರು ತೆರೆದರು.

ನನ್ನ ಪೆಟ್ಟಿಗೆಯಲ್ಲಿದ್ದದ್ದು ನಾವೆಲ್ಲ "ಮುಸ್ತಫಾ" ಅಂತಲೇ ಕರೆದ, 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಗೇಮಿನ ಹೆಸರು ಯಾರಿಗೆ ಗೊತ್ತಿತ್ತು ಹೇಳಿ? ಹಳದಿ ಟೋಪಿಯ ಮುಸ್ತಫಾನೇ ಗೇಮ್. ಅದರ ಅಸಲಿ ಬೋರ್ಡಿನಲ್ಲೂ ಬ್ಯಾಟರಿ ಇದೆ. ನನ್ನದರಲ್ಲಿಲ್ಲ, ಯಾಕಂದ್ರೆ ಅದು ನಕಲಿ ಬೋರ್ಡ್. ರಕ್ಷಣೆಯನ್ನೆಲ್ಲ ಕಿತ್ತು ಮಾಡಿದ ಕಾಪಿ, ಸದ್ದೂ ಅಸಲಿಗಿಂತ ಬಡಕಲು. ಆದರೆ ಬೀಗವೇ ಇಲ್ಲದ ಕಾರಣ ಸಾಯಲೂ ಇಲ್ಲ. ದಾವಣಗೆರೆಯಲ್ಲಿ ನಾನು ಕೇಳಿ ಬೆಳೆದದ್ದೂ ಇದೇ ಬಡಕಲು ಸದ್ದನ್ನ. ಅದಕ್ಕೆ ಅದನ್ನೇ ಉಳಿಸಿಕೊಂಡೆ.

ಐದನೇ ಹೆಜ್ಜೆ: ಟ್ಯೂಬೋ, ಎಲ್‌ಸಿಡಿಯೋ?

ಚಿತ್ರ ಅಲುಗುತ್ತಿತ್ತು, ಮೇಲಿನ ಅಂಚು ಬಾಗಿತ್ತು. ಇದು ಟ್ಯೂಬಿನ ದೋಷ ಆಗಿರೋದು ಅಪರೂಪ, ಸಾಮಾನ್ಯವಾಗಿ ಚಾಸಿಸ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ. ಉಷ್ಣಾಂಶ 10 ಡಿಗ್ರಿ ಏರಿದರೆ ಇವುಗಳ ಆಯುಸ್ಸು ಅರ್ಧ ಅನ್ನೋದು ಎಂಜಿನಿಯರುಗಳ ಅಂದಾಜು. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ನಾಗಪುರದಲ್ಲಿ ಇದನ್ನ ಮರೆಯೋ ಹಾಗಿಲ್ಲ. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿ ರೇಟಿಂಗ್ ಇರುವುದನ್ನೇ ಹಾಕಿ. ಪ್ಲಸ್-ಮೈನಸ್ ನೋಡಿಕೊಂಡು, ಒಂದು ತೆಗೆದು ಒಂದು ಹಾಕಿ. ಹಾಗೆ ಬದಲಿಸಿದ ಮೇಲೆ ಚಿತ್ರ ನಿಂತಿತು.

ಟ್ಯೂಬಿಗೆ ಯಾಕಿಷ್ಟು ಒದ್ದಾಟ? ಈ ಗೇಮ್‌ಗಳ ಚಿತ್ರ ಬರೆದದ್ದೇ ಟ್ಯೂಬಿಗಾಗಿ. ಸೆಕೆಂಡಿಗೆ ಸುಮಾರು 15,700 ಗೆರೆ, ಸುಮಾರು 60 ಚಿತ್ರ, ಬಂದ ಸಿಗ್ನಲ್ ಆ ಕ್ಷಣವೇ ಗಾಜಿನ ಮೇಲೆ. ಎಲ್‌ಸಿಡಿ ಅದನ್ನು ತನ್ನ ಅಳತೆಗೆ ಹಿಗ್ಗಿಸಬೇಕು. ಅದಕ್ಕೆ ಒಂದು ಚಿತ್ರದಷ್ಟು ತಡವಾದರೂ 16 ಮಿಲಿಸೆಕೆಂಡ್ ಹೋಯ್ತು. ಟ್ಯೂಬ್ ನೋಡಿ ಗುರಿಯಿಡುವ ಹಳೇ ಗನ್ ಗೇಮ್‌ಗಳಂತೂ ಎಲ್‌ಸಿಡಿಯಲ್ಲಿ ಕೆಲಸವೇ ಮಾಡಲ್ಲ. ಇನ್ನೊಂದು ಮಾತು: ಒಂದು ಕಾಲಕ್ಕೆ ಬೆಂಗಳೂರಿನ ಬಿಇಎಲ್ ಕಪ್ಪು-ಬಿಳುಪು ಟ್ಯೂಬ್ ಮಾಡ್ತಿತ್ತು, ಸ್ಯಾಮ್‌ಟೆಲ್ ಬಣ್ಣದ್ದು ಮಾಡ್ತಿತ್ತು. ಅದೆಲ್ಲ ನಿಂತಿದೆ. ಇರುವ ಟ್ಯೂಬ್ ಒಡೆದರೆ ಬದಲಿಗೆ ಸಿಗೋದು ಯಾರದ್ದೋ ಹಳೇ ಟಿವಿಯ ಟ್ಯೂಬ್ ಮಾತ್ರ.

ರಾಸ್ಪ್‌ಬೆರಿ ಪೈ ಮೇಲೆ ನನಗೆ ಸಿಟ್ಟಿಲ್ಲ. ಪೆಟ್ಟಿಗೆ ಖಾಲಿ ಸಿಕ್ಕಿದ್ದರೆ ಅದೇ ಸರಿ. ಆಗಲೂ ಜಾಮಾ ಕನೆಕ್ಟರಿಗೇ ಕೂರುವ ಅಡಾಪ್ಟರ್ ಬೋರ್ಡ್ ಬಳಸಿ. ಹಳೇ ವೈರಿಂಗ್ ಹಾಗೇ ಉಳಿಯುತ್ತೆ, ನಾಳೆ ಅಸಲಿ ಬೋರ್ಡ್ ಸಿಕ್ಕರೆ ಸುಮ್ಮನೆ ಚುಚ್ಚಬಹುದು.

ಟ್ರಾನ್ಸ್‌ಫರ್ ಆದರೆ?

ನಮ್ಮಂಥವರಿಗೆ ಇದೇ ದೊಡ್ಡ ಪ್ರಶ್ನೆ. ಇವತ್ತು ನಾಗಪುರ, ನಾಳೆ ಪುಣೆಯೋ ಬೆಂಗಳೂರೋ. ನನಗೆ ಬಿಡಿಭಾಗಕ್ಕಿಂತ ಸಾಗಣೆಗೇ ಹೆಚ್ಚು ಖರ್ಚಾಯಿತು. ಅದಕ್ಕೇ ಹೊಸದಾಗಿ ಹಾಕಿದ ಜೋಡಣೆಗಳಿಗೆಲ್ಲ ಅಂಟು ಬದಲು ಬೋಲ್ಟ್ ಹಾಕಿದ್ದೇನೆ. ಟ್ಯೂಬ್, ಬೋರ್ಡ್, ಪೆಟ್ಟಿಗೆ ಮೂರೂ ಬೇರೆ ಬೇರೆಯಾಗಿ ಹೋಗಬಹುದು. ಬಾಗಿಲ ಒಳಬದಿಗೆ ವೈರಿಂಗ್ ನಕ್ಷೆ, ಬದಲಿಸಿದ ಭಾಗಗಳ ಪಟ್ಟಿ, ತಾರೀಕು ಬರೆದು ಅಂಟಿಸಿದ್ದೇನೆ. ನನ್ನ ನಂತರ ಇದನ್ನು ತೆರೆಯುವವರಿಗೆ ಅದು ರೀಡ್‌ಮಿ.

ನಿಮ್ಮ ಊರಿನ ಯಾವುದಾದರೂ ಗೋಡೌನಿನಲ್ಲಿ ಇಂಥದ್ದೊಂದು ಇದ್ದರೆ, ಮೊದಲು ಹುಡುಕಬೇಕಾದ್ದು ಬಿಡಿಭಾಗ ಅಲ್ಲ, ಟ್ಯೂಬ್ ಕೆಲಸ ಬಲ್ಲ ಹಿರಿಯ ಟಿವಿ ಮೆಕ್ಯಾನಿಕ್. ಕೆಪಾಸಿಟರ್ ಆನ್‌ಲೈನ್‌ನಲ್ಲಿ ಎಷ್ಟು ಬೇಕಾದರೂ ಸಿಗುತ್ತೆ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿರುವ ಅವರ ಕೈ ಸಿಗಲ್ಲ. ಮುಂದಿನ ಸಲ ಊರಿಗೆ ಹೋದಾಗ ವಿಚಾರಿಸಿ, ಪಕ್ಕದಲ್ಲಿ ಕೂತು ಕಲೀರಿ.