ದುಡಿಮೆ ಅಗ್ಗ, ಬದುಕು ತುಟ್ಟಿ

2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಸೇವಾ ಸಂಸ್ಥೆಯಾದ ಟಿಸಿಎಸ್, ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಇದಕ್ಕೆ ಕೃತಕ ಬುದ್ಧಿಮತ್ತೆ ಕಾರಣವಲ್ಲ, ಕೌಶಲದ ಹೊಂದಾಣಿಕೆಯ ಕೊರತೆ ಕಾರಣ ಎಂಬ ಸಮಜಾಯಿಷಿಯೂ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಆ ಸೂಚ್ಯಂಕದ ಸರಣಿಯಲ್ಲಿ ಅದು ಅತ್ಯಂತ ಕೆಳಮಟ್ಟ. ಆ ಇಳಿಕೆಗೆ ಆಹಾರ ಪದಾರ್ಥಗಳ ಬೆಲೆ ಕುಸಿತ ಹಾಗೂ ಜಿಎಸ್‌ಟಿ ಕಡಿತ ಕಾರಣವೇ ಹೊರತು ಯಂತ್ರದ ಜಾಣ್ಮೆಯಲ್ಲ. ಆದರೂ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಬೇಕಾಗಿದೆ. ನೌಕರಿ ಅಲುಗಾಡುತ್ತಿರುವಾಗ ಹಣದುಬ್ಬರದ ಅಂಕಿಯೊಂದು ತಣ್ಣಗಿದ್ದರೆ ಕುಟುಂಬಕ್ಕೆ ಅದರಿಂದ ದೊರೆಯುವ ನೆಮ್ಮದಿ ಎಷ್ಟು?

ಅರ್ಥಶಾಸ್ತ್ರದ ಪಠ್ಯಪುಸ್ತಕ ಕೊಡುವ ಉತ್ತರ ಆಶಾದಾಯಕವಾಗಿಯೇ ಇದೆ. ಹತ್ತು ಮಂದಿಯ ಕೆಲಸವನ್ನು ಆರು ಮಂದಿ ಮಾಡುವಂತಾದರೆ ಉತ್ಪಾದನಾ ವೆಚ್ಚ ತಗ್ಗುತ್ತದೆ. ವೆಚ್ಚ ತಗ್ಗಿದರೆ ಪೈಪೋಟಿಯ ದೆಸೆಯಿಂದ ಬೆಲೆಯೂ ತಗ್ಗುತ್ತದೆ. ಉಳಿದ ಹಣದಲ್ಲಿ ಜನ ಬೇರೇನನ್ನೋ ಕೊಳ್ಳುತ್ತಾರೆ, ಅಲ್ಲಿ ಹೊಸ ಉದ್ಯೋಗ ಹುಟ್ಟುತ್ತದೆ. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಅದು ಒಂದು ಸಂಗತಿಯನ್ನು ಮರೆಯುತ್ತದೆ. ಮಧ್ಯಮ ವರ್ಗದ ಮನೆ ಮಾರುಕಟ್ಟೆಯಲ್ಲಿ ಮಾರುವ ಸರಕು ಒಂದು; ಅದು ಕೊಳ್ಳುವ ಸರಕು ಇನ್ನೊಂದು.

ಕೊಳ್ಳುವ ಸರಕನ್ನು ಮೊದಲು ನೋಡೋಣ. ಮೇಲೆ ಹೇಳಿದ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಸುಮಾರು ಶೇ 46. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಕೆ.ಜಿ.ಗೆ ನೂರು ರೂಪಾಯಿ ದಾಟಿ ಏರಿದಾಗ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಮುಟ್ಟಿತ್ತು. ಕೋಲಾರದ ಹೊಲದಲ್ಲಿ ಮಳೆಯೋ ರೋಗವೋ ಕೆಡಿಸಿದ ಬೆಳೆಯನ್ನು ಯಾವ ತಂತ್ರಾಂಶವೂ ಮರಳಿ ತಂದುಕೊಡದು. ಮನೆ ಬಾಡಿಗೆ, ಶಾಲಾ ಶುಲ್ಕ, ಆಸ್ಪತ್ರೆಯ ಬಿಲ್ಲು ಇವೂ ಹಾಗೆಯೇ. ಬೆಂಗಳೂರಿನ ನಿವೇಶನದ ಅಳತೆಯನ್ನು ಕೃತಕ ಬುದ್ಧಿಮತ್ತೆ ಹಿಗ್ಗಿಸಲಾರದು.

ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮಲ್ 1960ರ ದಶಕದಲ್ಲೇ ಇದರ ಮರ್ಮವನ್ನು ವಿವರಿಸಿದ್ದರು. ಅವರು ಪಾಶ್ಚಾತ್ಯ ವಾದ್ಯವೃಂದದ ಉದಾಹರಣೆ ಕೊಟ್ಟಿದ್ದರು. ನಮ್ಮ ಸಂಗೀತ ಕಛೇರಿಗೂ ಅದು ಒಪ್ಪುತ್ತದೆ. ಗಾಯಕ, ಪಿಟೀಲು, ಮೃದಂಗ ನೂರು ವರ್ಷಗಳ ಹಿಂದೆಯೂ ಬೇಕಿತ್ತು, ಇಂದೂ ಬೇಕು. ಮೂರು ಗಂಟೆಯ ಕಛೇರಿಯನ್ನು ಅರ್ಧ ಗಂಟೆಗೆ ಮುಗಿಸಿದರೆ ಅದನ್ನು ಯಾರೂ ಉತ್ಪಾದಕತೆ ಎನ್ನಲಾರರು. ಆದರೆ ಉತ್ಪಾದಕತೆ ಹೆಚ್ಚಿದ ಕ್ಷೇತ್ರಗಳಲ್ಲಿ ಸಂಬಳ ಏರಿದಂತೆ ಕಲಾವಿದರಿಗೂ ಶಿಕ್ಷಕರಿಗೂ ದಾದಿಯರಿಗೂ ಹೆಚ್ಚು ಕೊಡಬೇಕಾಗುತ್ತದೆ. ಹೀಗೆ ಯಂತ್ರ ಮುಟ್ಟದ ಸೇವೆಗಳು ತುಟ್ಟಿಯಾಗುತ್ತ ಹೋಗುತ್ತವೆ.

ಇನ್ನು ಈ ವರ್ಗ ಮಾರುವ ಸರಕು. ಲೆಕ್ಕಪತ್ರ, ಅನುವಾದ, ಕರಡು ತಯಾರಿ, ಗ್ರಾಹಕರ ದೂರುಗಳಿಗೆ ಉತ್ತರ, ಕಂಪ್ಯೂಟರ್ ಪ್ರೋಗ್ರಾಂ ರಚನೆ: 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಗ್ಗವಾಗುತ್ತಿರುವುದು ಇವೇ. ಜಗತ್ತಿನ ಶೇ 40ರಷ್ಟು ಉದ್ಯೋಗಗಳ ಮೇಲೆ ಕೃತಕ ಬುದ್ಧಿಮತ್ತೆಯ ಪ್ರಭಾವ ಉಂಟಾಗಬಹುದೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿ 2024ರ ಜನವರಿಯಲ್ಲಿ ಅಂದಾಜಿಸಿತು. ಪ್ರಭಾವವೆಂದರೆ ನಾಶವೇ ಆಗಬೇಕಿಲ್ಲ. ಆದರೆ ಪೆಟ್ಟು ಮೊದಲು ಬೀಳುವುದು ಯಾರಿಗೆ ಎಂಬುದರ ಸುಳಿವು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಈ ತಂತ್ರಜ್ಞಾನಕ್ಕೆ ಹೆಚ್ಚು ತೆರೆದುಕೊಂಡ ವೃತ್ತಿಗಳಲ್ಲಿ 22ರಿಂದ 25 ವರ್ಷ ವಯಸ್ಸಿನವರ ಉದ್ಯೋಗ, ಇತರರಿಗೆ ಹೋಲಿಸಿದರೆ, ಶೇ 13ರಷ್ಟು ಕುಗ್ಗಿದೆ. ನಮ್ಮಲ್ಲಿ ಹೊಸ ಎಂಜಿನಿಯರ್‌ಗಳ ಆರಂಭಿಕ ವೇತನ ದೊಡ್ಡ ಸೇವಾ ಸಂಸ್ಥೆಗಳಲ್ಲಿ ಒಂದು ದಶಕದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಈ ಅವಧಿಯ ಬೆಲೆ ಏರಿಕೆಯನ್ನು ಕಳೆದರೆ ಅದು ನಿಂತಿರುವುದೂ ಅಲ್ಲ, ಇಳಿದಿರುವುದು.

ಸಾಲದ್ದಕ್ಕೆ ಕೃತಕ ಬುದ್ಧಿಮತ್ತೆ ತಾನೇ ಬೆಲೆ ಏರಿಕೆಗೂ ಕಾರಣವಾಗುತ್ತಿದೆ. ದತ್ತಾಂಶ ಕೇಂದ್ರಗಳು 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಶೇ 1.5ರಷ್ಟನ್ನು ಬಳಸಿದವು, 2030ರ ವೇಳೆಗೆ ಈ ಬಳಕೆ ಇಮ್ಮಡಿಗೂ ಹೆಚ್ಚಾಗಲಿದೆ ಎಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಮೆಮೊರಿ ಚಿಪ್ ತಯಾರಕರು ಈ ಕೇಂದ್ರಗಳ ಬೇಡಿಕೆಯತ್ತ ಹೊರಳಿದ್ದರಿಂದ 2025ರ ಕೊನೆಯಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಚಿಪ್ ಮಾರುವ ತನ್ನ ‘ಕ್ರೂಷಿಯಲ್’ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರ್‌ನಲ್ಲಿ ಘೋಷಿಸಿತು. ಮಗಳ ಓದಿಗೆ ಲ್ಯಾಪ್‌ಟಾಪ್ ಕೊಳ್ಳಹೊರಟವರಿಗೆ ಇದರ ಬಿಸಿ ತಟ್ಟದೆ ಇರದು.

ಇಂಥ ಭಯವನ್ನು ನಾವು ಹಿಂದೆಯೂ ಕಂಡಿದ್ದೇವೆ ಎಂದು ಕೆಲವರು ಆಕ್ಷೇಪಿಸಬಹುದು. 1980ರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ತರಲು ಸಿ. ರಂಗರಾಜನ್ ಸಮಿತಿ ಶಿಫಾರಸು ಮಾಡಿದಾಗ ನೌಕರರ ಸಂಘಗಳು ಪ್ರತಿರೋಧ ತೋರಿದ್ದವು. ಆದರೆ ಅದೇ ಕಂಪ್ಯೂಟರ್ ಮುಂದೆ ಬೆಂಗಳೂರಿಗೆ ಲಕ್ಷಾಂತರ ಉದ್ಯೋಗಗಳನ್ನು ತಂದಿತು. ಇದು ನಿಜ. ಆದರೆ ಆ ಕಥೆಗೆ ಎರಡು ಉಪಕಥೆಗಳಿವೆ. ಮೊದಲನೆಯದು, 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೊರನಡೆದರು. ಅವರಿಗೆ ಕೈತುಂಬ ಅಲ್ಲದಿದ್ದರೂ ಒಂದು ಇಡುಗಂಟು ಸಿಕ್ಕಿತು. ಎರಡನೆಯದು, ಯಂತ್ರ ಉಳಿಸಿದ ಹಣವೆಲ್ಲ ಗ್ರಾಹಕನಿಗೆ ಬರಲಿಲ್ಲ. ಉಚಿತ ಮಿತಿ ದಾಟಿದ ಎಟಿಎಂ ವಹಿವಾಟಿಗೆ 2025ರ ಮೇ 1ರಿಂದ 23 ರೂಪಾಯಿವರೆಗೆ ಶುಲ್ಕ ಪಡೆಯಲು ಬ್ಯಾಂಕುಗಳಿಗೆ ಅನುಮತಿ ದೊರೆತಿದೆ. ಪೈಪೋಟಿ ಹಾಗೂ ನಿಯಂತ್ರಣ ಒತ್ತಾಯಿಸದ ಹೊರತು ದಕ್ಷತೆಯ ಲಾಭ ಬೆಲೆಗೆ ಇಳಿದು ಬರುವುದಿಲ್ಲ.

ಒಂದು ವೇಳೆ ಬೆಲೆಗಳು ಇಳಿದವೆಂದೇ ಇಟ್ಟುಕೊಳ್ಳೋಣ. ಸಂಬಳವೂ ಜೊತೆಗೆ ಇಳಿದರೆ? ರಿಸರ್ವ್ ಬ್ಯಾಂಕ್ ರೆಪೊ ದರ ತಗ್ಗಿಸಿ ಬಡ್ಡಿ ಕಡಿಮೆ ಮಾಡಬಹುದು. ಇಪ್ಪತ್ತು ವರ್ಷದ ಗೃಹಸಾಲದ ಅಸಲು ಮಾತ್ರ ಒಂದು ರೂಪಾಯಿಯೂ ಕರಗದು. ಸಾಲ ಹೊತ್ತ ಕುಟುಂಬಕ್ಕೆ ಆದಾಯವಿಲ್ಲದ ಬೆಲೆ ಇಳಿಕೆ, ಬೆಲೆ ಏರಿಕೆಗಿಂತಲೂ ಭಾರ.

ಹಾಗೆಂದು ತಂತ್ರಜ್ಞಾನವನ್ನು ತಡೆಯುವ ಮಾತು ಹುಸಿ. ನಮ್ಮಲ್ಲಿ ಕೊರತೆಯಿರುವುದು ನಡುವಣ ಕಾಲವನ್ನು ದಾಟಿಸುವ ಸೇತುವೆ. ಕರ್ನಾಟಕ ಸರ್ಕಾರದ ಯುವನಿಧಿ, ಓದು ಮುಗಿಸಿಯೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಭತ್ಯೆ ನೀಡುವ ಯೋಜನೆ. ನಲವತ್ತರಲ್ಲಿ ನೌಕರಿ ಕಳೆದುಕೊಂಡವರಿಗೆ ಅದು ಅನ್ವಯಿಸದು. ಕಾರ್ಮಿಕರ ರಾಜ್ಯ ವಿಮಾ ನಿಗಮ 2018ರಲ್ಲಿ ತಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ನಿರುದ್ಯೋಗಿಗಳಿಗೆ ಪರಿಹಾರ ಕೊಡುತ್ತದೆ ನಿಜ. ಆದರೆ ಆ ವಿಮೆಗೆ 2017ರಲ್ಲಿ ನಿಗದಿಯಾದ ವೇತನದ ಮಿತಿ ತಿಂಗಳಿಗೆ 21,000 ರೂಪಾಯಿ. ಹೊಸದಾಗಿ ಸೇರಿದ ಎಂಜಿನಿಯರ್ ಕೂಡ ಅದರಿಂದ ಹೊರಗೆ. ನೌಕರ ಮತ್ತು ಮಾಲೀಕ ಇಬ್ಬರ ವಂತಿಗೆಯಿಂದ ನಡೆಯುವ ನಿರುದ್ಯೋಗ ವಿಮೆಯನ್ನು ಬಿಳಿ ಕಾಲರಿನ ವರ್ಗಕ್ಕೂ ವಿಸ್ತರಿಸುವುದು ಮೊದಲ ಹೆಜ್ಜೆಯಾಗಬೇಕು. ಯಂತ್ರದ ನೆರವಿನಿಂದ ಸಿಬ್ಬಂದಿ ಕಡಿತ ಮಾಡುವ ಕಂಪನಿಗಳು ಒಂದಿಷ್ಟು ಹೊಸಬರನ್ನು ಶಿಷ್ಯವೃತ್ತಿಯ ಮೇಲೆ ಸೇರಿಸಿಕೊಳ್ಳುವ ಹೊಣೆ ಹೊರುವುದು ಎರಡನೆಯದು. ಇಂದು ಕಿರಿಯರನ್ನು ಸೇರಿಸಿಕೊಳ್ಳದ ಸಂಸ್ಥೆಗೆ ಹತ್ತು ವರ್ಷಗಳ ಬಳಿಕ ಅನುಭವಿ ಹಿರಿಯರು ಎಲ್ಲಿಂದ ಬರಬೇಕು?

ಹಣದುಬ್ಬರದ ಅಂಕಿಯನ್ನು ಪ್ರತಿ ತಿಂಗಳೂ ನಿಷ್ಠೆಯಿಂದ ಪ್ರಕಟಿಸುವ ಸರ್ಕಾರ, ಯಂತ್ರದಿಂದ ಉಳಿತಾಯವಾದ ಹಣ ಯಾರ ಕೈ ಸೇರಿತು ಎಂಬ ಲೆಕ್ಕವನ್ನೂ ಇಡಲಿ. ಬೆಲೆಯ ಲೆಕ್ಕವನ್ನೂ ದುಡಿಮೆಯ ಲೆಕ್ಕವನ್ನೂ ಬೇರೆ ಬೇರೆ ಕಡತಗಳಲ್ಲಿ ಇಟ್ಟುಕೊಳ್ಳಲು ದಿಲ್ಲಿಗೆ ಸಾಧ್ಯ. ತಿಂಗಳ ಕೊನೆಗೆ ಅವೆರಡನ್ನೂ ಒಂದೇ ಡೈರಿಯಲ್ಲಿ ಕೂಡಿಸಿ ಕಳೆಯುವ ಸಂಸಾರಕ್ಕೆ ಆ ಸೌಲಭ್ಯವಿಲ್ಲ.