ಬೆಳಗ್ಗೆ ಎದ್ದು ಯಾರ ಮುಖ ನೋಡಿದ್ದೋ!

ಬಸ್ ಸ್ಟ್ಯಾಂಡಿನ ಎದುರು ಒಬ್ಬ ಬೈಕಿನಿಂದ ಬಿದ್ದನೆನ್ನಿ. ಮೊಣಕಾಲು ತರಚಿದೆ, ಪ್ಯಾಂಟು ಹರಿದಿದೆ, ಹೆಡ್‌ಲೈಟಿನ ಗಾಜು ಪುಡಿಪುಡಿ. ನಾಲ್ಕು ಜನ ಸೇರಿ ಎತ್ತಿ ಕೂರಿಸಿ, ಸೋಡಾ ಕುಡಿಸಿ, "ಏನಾಯ್ತಪ್ಪಾ?" ಅಂತ ಕೇಳಿದರೆ ಮೊದಲು ಬರುವ ಉತ್ತರ: "ಆ ಆಟೋದವನು ಅಡ್ಡ ಬಂದ." ಆಟೋ ಇರದಿದ್ದರೆ ನಾಯಿ. ನಾಯಿಯೂ ಇರದಿದ್ದರೆ ರಸ್ತೆಯ ಹಂಪು. ಅದೂ ಸಿಗದಿದ್ದರೆ ನಮ್ಮ ಜನ ಕೊನೆಗೊಂದು ದಾರಿ ಇಟ್ಟುಕೊಂಡೇ ಇದ್ದಾರಲ್ಲ: "ಬೆಳಗ್ಗೆ ಎದ್ದು ಯಾರ ಮುಖ ನೋಡಿದ್ದೋ!" ಆ ಮುಖದವನು ಪಾಪ, ಆಗ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದನೋ ಏನೋ, ಬೈಕು ಬಿದ್ದ ಅಪರಾಧ ಅವನ ತಲೆಗೆ ಬಂತು. "ನಾನೇ ಸ್ವಲ್ಪ ಜೋರಾಗಿ ಬಂದೆ" ಎಂಬ ಮಾತು ಮಾತ್ರ ಸೋಡಾದ ಜೊತೆಗೆ ಗಂಟಲೊಳಕ್ಕೇ ಇಳಿದುಬಿಡುತ್ತದೆ.

ಇದಕ್ಕೆ ನಮ್ಮ ಮಾತಿನ ವರಸೆಯೂ ಒಳ್ಳೇ ಒತ್ತಾಸೆ. ಹೋಟೆಲಿನಲ್ಲಿ ನೋಡಿ. ಯಜಮಾನರ ಕೈಯಿಂದ ಲೋಟ ಜಾರಿದರೆ "ಒಡೆದು ಹೋಯ್ತು". ಮಾಣಿಯ ಕೈಯಿಂದ ಜಾರಿದರೆ "ಒಡೆದು ಹಾಕಿದ". ಐದು ನಿಮಿಷ ತಡವಾಗಿ ಓಡಿಬಂದ ಪ್ರಯಾಣಿಕ "ಬಸ್ಸು ಬಿಟ್ಟು ಹೋಯ್ತು" ಅನ್ನುತ್ತಾನೆ. ಅದೇ ಬಸ್ಸು ಐದು ನಿಮಿಷ ತಡವಾಯಿತೋ, "ಡ್ರೈವರ್ ಎಲ್ಲಿ ಟೀ ಕುಡೀತಾ ಕೂತಿದ್ದಾನೋ" ಎಂದು ಗೊಣಗಾಟ. ನಮ್ಮ ಮನೆಗೆ ನೆಂಟರು ಬಂದಿರುತ್ತಾರೆ, ಅವನಿಗೆ ಮಾತ್ರ ಸೋಮಾರಿತನ! ಬೇರೆಯವರ ತಪ್ಪಿಗೆ ಅವರ ಗುಣವನ್ನೇ ಕಾರಣ ಮಾಡಿ ಅವರ ಕಷ್ಟವನ್ನು ಮರೆಯುವ ಈ ಚಾಳಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಒಂದು ದೊಡ್ಡ ಹೆಸರನ್ನೇ ಇಟ್ಟರು. ಹೆಸರು ಅಲ್ಲಿಯದಾದರೂ ಸರಕು ನಮ್ಮ ಅರಳಿಕಟ್ಟೆಯದೇ.

ಅಮೆರಿಕದಲ್ಲೇ 1965ರಲ್ಲಿ ಇನ್ನೊಂದು ವಿಚಾರಣೆ ನಡೆದಿತ್ತು. ಅಪಘಾತವಾಗಿ ಆಸ್ಪತ್ರೆ ಸೇರಿದ 50 ಮಂದಿ ಚಾಲಕರನ್ನು ಮಾತಾಡಿಸಿದರು. ಪೊಲೀಸ್ ದಾಖಲೆ ಪ್ರಕಾರ ಅವರಲ್ಲಿ 34 ಮಂದಿಯದೇ ತಪ್ಪು. ಗಾಡಿ ಓಡಿಸುವುದರಲ್ಲಿ ನೀವು ಹೇಗೆ ಅಂತ ಕೇಳಿದರೆ, ಅಪಘಾತವನ್ನೇ ಕಾಣದವರು ತಮಗೆ ತಾವು ಕೊಟ್ಟುಕೊಂಡಷ್ಟೇ ಅಂಕವನ್ನು ಇವರೂ ಮಲಗಿದಲ್ಲಿಂದಲೇ ಕೊಟ್ಟುಕೊಂಡರು. 1981ರಲ್ಲಿ ಸ್ವೀಡನ್ನಿನ ಓಲಾ ಸ್ವೆನ್ಸನ್ ಎಂಬುವರು ಪ್ರಕಟಿಸಿದ ಲೆಕ್ಕ ಇನ್ನೂ ಸೊಗಸು. ಅಮೆರಿಕದ ವಿದ್ಯಾರ್ಥಿಗಳಲ್ಲಿ ನೂರಕ್ಕೆ 93 ಮಂದಿ, ಚಾಲನೆಯ ಕೌಶಲದಲ್ಲಿ ತಾವು ಮೇಲಿನ ಅರ್ಧಕ್ಕೆ ಸೇರಿದವರು ಅಂದರಂತೆ. ಐವತ್ತು ಜನ ಹಿಡಿಯುವ ಜಾಗದಲ್ಲಿ 93 ಜನ ಹೇಗೆ ಹಿಡಿಸಿದರೋ, ನಮ್ಮ ಪ್ರೈವೇಟ್ ಬಸ್ಸಿನ ಕ್ಲೀನರನ್ನೇ ಕೇಳಬೇಕು.

ನಗುವ ಮಾತು ಇಷ್ಟೇ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ನೂರಕ್ಕೆ 71 ಸಾವಿಗೆ ಅತಿ ವೇಗವೇ ಕಾರಣ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಹಾಗಂತ ಈ ವರದಿಯನ್ನು ಪೂರ್ತಿ ನುಂಗುವಂತೆಯೂ ಇಲ್ಲ. ಅದು ಪೊಲೀಸರು ಬರೆದುಕೊಂಡ ಕಾಗದದಿಂದ ಹುಟ್ಟಿದ್ದು. ಅಲ್ಲಿಯೂ ತಪ್ಪನ್ನು ಚಾಲಕನ ಮೇಲೆ ಹಾಕುವುದೇ ಸುಲಭ. ರಸ್ತೆಗುಂಡಿಯನ್ನು ಠಾಣೆಗೆ ಕರೆತಂದು ಸಹಿ ಹಾಕಿಸಲಾದೀತೇ?

ಹಂಪಿನ ಮೇಲಿನ ದೂರಿನಲ್ಲೂ ಅರ್ಧ ನಿಜ ಇದೆ. ರಾತ್ರೋರಾತ್ರಿ ಯಾರೋ ಒಂದು ಲೋಡು ಜಲ್ಲಿ ಸುರಿದು ಗುಡ್ಡ ಕಟ್ಟುತ್ತಾರೆ, ಬಣ್ಣವಿಲ್ಲ, ಬೋರ್ಡಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಮುಂಚೆಯೇ ಎಚ್ಚರಿಕೆಯ ಫಲಕವೂ ಇರಬೇಕು. ರಸ್ತೆಯನ್ನು ನಿಯಮದಂತೆ ಮಾಡದೆ ಅದರಿಂದ ಸಾವು ನೋವಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಎಂದು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿಸಿದ್ದಾರೆ. ಆದರೆ ಟೀ ಅಂಗಡಿಯಲ್ಲಿ ಹಂಪಿಗೆ ಬೈದವರಲ್ಲಿ ಒಂದು ಹಾಳೆ ಅರ್ಜಿ ಬರೆದು ಕೊಟ್ಟವರು ಎಷ್ಟು ಮಂದಿ? ಬೈಯುವುದಕ್ಕೆ ಖರ್ಚಿಲ್ಲ, ಅರ್ಜಿಗಾದರೆ ಅರ್ಧ ದಿನ ಹೋಗುತ್ತದೆ. ಫುಟ್‌ಬೋರ್ಡಿನ ಮೇಲೆ ನೇತಾಡಿ ಬಿದ್ದವರದೂ ಇದೇ ಕಥೆ. ಕಂಡಕ್ಟರ್ ಒಳಗೆ ಬಿಡಲಿಲ್ಲ ಅಂತ ಇವರು, ಹೇಳಿದರೂ ಕೇಳಲಿಲ್ಲ ಅಂತ ಅವರು. ಅದೇ ಕಾಯ್ದೆಯ 123ನೇ ಕಲಂ ಇಬ್ಬರನ್ನೂ ಹಿಡಿಯುತ್ತದೆ, ನೇತಾಡಿದವನನ್ನೂ ನೇತಾಡಲು ಬಿಟ್ಟವನನ್ನೂ.

ಇನ್ನು ಸತ್ತವರ ಮೇಲೆ ತಪ್ಪು ಹೊರಿಸುವುದಂತೂ ಎಲ್ಲಕ್ಕಿಂತ ಸಲೀಸು, ಎದ್ದು ಬಂದು ಉತ್ತರ ಹೇಳುವವರಿಲ್ಲ ನೋಡಿ. 2008ರಲ್ಲಿ ಒಂದು ಕಾರು ಹಿಂದಿನಿಂದ ಬಂದು ಬೈಕಿಗೆ ಗುದ್ದಿತ್ತು. ಬೈಕಿನಲ್ಲಿದ್ದವರು ಮೂವರು. ಮೂವರು ಕೂತಿದ್ದೇ ತಪ್ಪೆಂದು ಹೈಕೋರ್ಟು ಪರಿಹಾರದಲ್ಲಿ ನೂರಕ್ಕೆ ಹತ್ತು ಕಡಿತ ಮಾಡಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮೂವರು ಕೂರುವುದು ಕಾನೂನಿಗೆ ವಿರುದ್ಧವೇ ಸರಿ, ಆದರೆ ಗುದ್ದಾಟಕ್ಕೂ ಅದಕ್ಕೂ ಸಂಬಂಧ ತೋರಿಸದೆ ಅವರೂ ಅಪಘಾತಕ್ಕೆ ಪಾಲುದಾರರು ಎನ್ನುವಂತಿಲ್ಲ ಎಂದಿತು. ಯಾವ ತಪ್ಪು ಯಾವ ಪೆಟ್ಟಿಗೆ ಕಾರಣ ಎಂದು ಇಷ್ಟು ಬಿಡಿಸಿ ನೋಡುವ ತಾಳ್ಮೆ ಬೀದಿಯ ಪಂಚಾಯ್ತಿಯಲ್ಲಿ ಕಾಣಸಿಗುವುದು ಅಪರೂಪ.

ರಸ್ತೆ ಬಿಟ್ಟು ಅಂಗಡಿ ಸಾಲಿಗೆ ಬಂದರೂ ರಾಗ ಅದೇ. ಈಗ ಗಲ್ಲಾಪೆಟ್ಟಿಗೆಗಿಂತ ಹೆಚ್ಚು ದುಡ್ಡು ಫೋನಿನಲ್ಲೇ ಓಡಾಡುತ್ತದೆ. ಯಾವನೋ ಫೋನ್ ಮಾಡಿ "ಬ್ಯಾಂಕಿನಿಂದ ಮಾತಾಡೋದು" ಅನ್ನುತ್ತಾನೆ, ಸಾಹುಕಾರರು ಒಟಿಪಿ ಓದಿ ಹೇಳುತ್ತಾರೆ, ದುಡ್ಡು ಮಾಯ. ಮೋಸ ಮಾಡಿದವನು ಕಳ್ಳ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲಿನ ಎರಡು ದಿನ ಹೇಗೆ ಕಳೆಯುತ್ತದೆ ನೋಡಿ. ಮೊದಲ ದಿನ, ಫೋನಿನಲ್ಲಿ ಏನೇನೋ ಹಾಕಿದ ಅಂತ ಮಗನಿಗೆ ಬೈಗುಳ. ಮರುದಿನ ಬ್ಯಾಂಕಿನ ಕೌಂಟರಿನಲ್ಲಿ ಜಗಳ. ಒಟಿಪಿ ಹೇಳಿದ್ದನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಡುವುದಿಲ್ಲ, ಮರ್ಯಾದೆ ಪ್ರಶ್ನೆ!

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇಂಥದಕ್ಕೆಂದೇ ಬಂದದ್ದು. ಗ್ರಾಹಕನೇ ಗುಟ್ಟಿನ ಸಂಖ್ಯೆ ಕೊಟ್ಟು ಕಳೆದುಕೊಂಡರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವನದೇ. ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ಅಂದರೆ ಮಗನಿಗೆ ಬೈದ ಆ ದಿನವೆಲ್ಲ ಸಾಹುಕಾರರ ಲೆಕ್ಕಕ್ಕೇ ಬರೆದುಕೊಂಡ ಹಾಗೆ. ದೂರು ಕೊಡಲು 1930 ಎಂಬ ಸಹಾಯವಾಣಿ ಇದೆ. ಬೇಗ ಫೋನ್ ಮಾಡಿದರೆ ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯುವ ಅವಕಾಶ ಉಂಟು. ಅಲ್ಲಿ ಬೇಕಾಗುವುದು ಯಾವ ಖಾತೆ, ಎಷ್ಟು ಹಣ, ಎಷ್ಟು ಗಂಟೆಗೆ ಹೋಯಿತು ಎಂಬ ವಿವರ.