ಬಚ್ಚಲಿಗೆ ಬಿಸಿಲಿನ ಬಿಸಿನೀರು

ಸೋಲಾರ್ ಹೀಟರಿಗೆ ಸಂಘದಿಂದ ಸಾಲ ತೆಗೆಯುವ ಮೊದಲು ಅದು ಹೇಗೆ ಕೆಲಸ ಮಾಡ್ತದೆ ಎಂದು ತಿಳಿಯೋಣ.

ದಕ್ಷಿಣಕ್ಕೆ ಮುಖಮಾಡಿದ ಕಪ್ಪು ಫಲಕದಲ್ಲಿ ನೀರು ಕಾಯುತ್ತದೆ. ಬಿಸಿನೀರು ಹಗುರ, ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಡ, ಕರೆಂಟೂ ಬೇಡ. ಆದರೆ ತಣ್ಣೀರಿನ ಟ್ಯಾಂಕ್ ಇದಕ್ಕಿಂತಲೂ ಎತ್ತರದಲ್ಲಿರಬೇಕು. ಆ ಕಟ್ಟೆಯ ಖರ್ಚನ್ನೂ ಸಾಲದ ಲೆಕ್ಕಕ್ಕೆ ಹಿಡಿಯಿರಿ.

100 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿಯೇರಿಸಲು ಗೀಸರಿಗೆ ಸುಮಾರು 3.5 ಯೂನಿಟ್ ಕರೆಂಟ್ ಬೇಕು; ಗೀಸರ್ ಇದ್ದವರಿಗೆ ಅಷ್ಟು ಉಳಿತಾಯ. ತೋಟದ ಮಡಲು, ಗೆರಟೆ ಪುಕ್ಕಟೆ ಸಿಗುವ ಮನೆಯಲ್ಲಿ ಹಣ ಉಳಿಯುವುದು ಕಡಿಮೆಯೇ. ಹೊಗೆ ಮಾತ್ರ ತಪ್ಪುತ್ತದೆ, ಅದೇನು ಸಣ್ಣ ಮಾತಲ್ಲ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಪೈಪಿನೊಳಗೆ ಸುಣ್ಣ ಕಟ್ಟುತ್ತದೆ, ಮೊದಲೇ ವಿಚಾರಿಸಿ. ಮಳೆಗಾಲದಲ್ಲಿ ಹೇಗೂ ಹಂಡೆ ಬೇಕಾಗ್ತದೆ, ಒಲೆ ಕೀಳಬೇಡಿ.